ಕೂದಲು ನಿಲ್ಲುವ ಜಾಗ

ನಾಯಿ, ಬೆಕ್ಕು ಇರುವ ಮನೆಯಲ್ಲಿ ಕೂದಲಿಗೂ ಒಂದು ಸುಗ್ಗಿ ಇರುತ್ತದೆ. ಒಹಾಯೋದಲ್ಲಿ ಚಳಿ ಹಿಂದೆ ಸರಿದು ಮರಗಳು ಚಿಗುರುವ ಹೊತ್ತಿಗೆ ನಮ್ಮ ನಾಯಿ ಬೆಲ್ಲ ಮೈಮೇಲಿನ ಚಳಿಗಾಲದ ತುಪ್ಪಟ ಉದುರಿಸಲು ತೊಡಗುತ್ತಾನೆ. ಅವನು ಲ್ಯಾಬ್ರಡಾರ್ ಬೆರಕೆ. ಆ ಜಾತಿಗೆ ಕೂದಲು ಎರಡು ಪದರ: ಮೇಲೆ ನೀರು ತಡೆಯುವ ಒರಟು ಕೂದಲು, ಒಳಗೆ ಮೆತ್ತನೆಯ ದಟ್ಟ ತುಪ್ಪಟ. ಕಾಲ ಬದಲಾದಾಗ ರಾಶಿರಾಶಿ ಉದುರುವುದು ಒಳಗಿನದು. ಬೆನ್ನು ಸವರಿದರೆ ಸಾಕು, ಬೆರಳ ಸಂದಿಯಲ್ಲಿ ಒಂದು ಹಿಡಿ ಬರುತ್ತದೆ. ಎಲೆ ಉದುರುವ ಕಾಲದಲ್ಲಿ ಇನ್ನೊಂದು ಸುತ್ತು. ಉಳಿದ ತಿಂಗಳುಗಳಲ್ಲೂ ಬಿಡುವಿಲ್ಲ. ಹೀಟರಿನ ಬಿಸಿಯಲ್ಲಿ ಮನೆಯೊಳಗೇ ಬದುಕುವ ನಾಯಿ ವರ್ಷವಿಡೀ ಅಷ್ಟಿಷ್ಟು ಉದುರಿಸುತ್ತಲೇ ಇರುತ್ತದೆ. ಬೆಕ್ಕು ಜೀರಿಗೆಯದು ಬೇರೆ ಬಗೆ. ಅವಳ ಕೂದಲು ಸಣ್ಣದು, ಹಗುರ. ಒಣಹವೆಯ ದಿನಗಳಲ್ಲಿ ಸ್ಥಿರವಿದ್ಯುತ್ತು ಹಿಡಿದು ಸೋಫಾದ ಬಟ್ಟೆಗೆ, ಕಿಟಕಿಯ ಪರದೆಗೆ, ನನ್ನ ಕಪ್ಪು ಸ್ವೆಟರಿಗೆ ಬಿಡದೆ ಅಂಟಿಕೊಳ್ಳುತ್ತದೆ.

ನಮ್ಮ ಪರಿಚಯದ ಕನ್ನಡದ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. ಪ್ರಾಣಿಗಳ ಆಶ್ರಯಧಾಮದಿಂದ ಒಂದು ಬೆಕ್ಕು ತಂದಿದ್ದಾರೆ. ಬಾಡಿಗೆ ಮನೆ, ಕೋಣೆಕೋಣೆಗೂ ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು. "ಅಕ್ಕಾ, ನಿಮ್ಮನೇಲಿ ನಾಯಿ ಬೆಕ್ಕು ಎರಡೂ ಇದಾವಲ್ಲ, ಯಾವ ವ್ಯಾಕ್ಯೂಮ್ ತಗೊಳ್ಳೋದು ಹೇಳಿ. ಐನೂರು ಆರುನೂರು ಡಾಲರೆಲ್ಲ ಕೊಡೋಕಾಗಲ್ಲ" ಎಂದಳು. ಫೋನಿನಲ್ಲೇ ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ನೂರು, ನೂರೈವತ್ತು ಡಾಲರಿನ ನೆಟ್ಟನೆ ನಿಲ್ಲುವ ಯಂತ್ರವೊಂದರ ಜೊತೆ ವರ್ಷಗಟ್ಟಲೆ ಬಾಳಿದವಳಿಗೆ ಈ ವಿಷಯದಲ್ಲಿ ಹೇಳುವುದು ಬಹಳವಿದೆ. ಒಳ್ಳೆಯದನ್ನು ಹೇಳಬೇಕು, ಕೊರತೆಯನ್ನೂ ಹೇಳಬೇಕು.

ಅರಸೀಕೆರೆಯ ನಮ್ಮ ಮನೆಯಲ್ಲಿ ಇದ್ದದ್ದು ಕಾವಿ ನೆಲ. ಅಲ್ಲಿ ಕೂದಲು ಬಿದ್ದರೆ ನೆಲದ ಮೇಲೇ ಇರುತ್ತಿತ್ತು. ಪೊರಕೆ ಆಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಕಾರ್ಪೆಟ್ಟಿನ ಮೇಲೆ ಕೂದಲು ಹಾಗೆ ಮಲಗುವುದಿಲ್ಲ. ತುಳಿದ ಹಾಗೆಲ್ಲ ಎಳೆಗಳ ನಡುವೆ ಇಳಿದು ಸುತ್ತಿಕೊಳ್ಳುತ್ತದೆ. ಅದನ್ನು ಬರೀ ಗಾಳಿ ಎಳೆದು ಕೀಳಲಾರದು. ತಿರುಗುವ ಬ್ರಷ್ಷು ಎಳೆಗಳನ್ನು ಬಡಿದು, ಬಾಚಿ, ಕೂದಲನ್ನು ಎಬ್ಬಿಸಿಕೊಡಬೇಕು. ಆಮೇಲಷ್ಟೇ ಗಾಳಿಯ ಕೆಲಸ. ನೆಟ್ಟನೆಯ ವ್ಯಾಕ್ಯೂಮ್, ಅಂದರೆ ಮೋಟಾರು, ಬ್ರಷ್ಷು, ಕಸದ ಡಬ್ಬಿ, ಹಿಡಿ ಎಲ್ಲವೂ ಒಂದೇ ಕಂಬದಲ್ಲಿ ಕೂತು, ನಿಂತುಕೊಂಡೇ ತಳ್ಳಬಹುದಾದ ಯಂತ್ರ, ಹೇಳಿಮಾಡಿಸಿದ್ದು ಈ ಕೆಲಸಕ್ಕೆ. ಅಮೆರಿಕ, ಇಂಗ್ಲೆಂಡುಗಳ ಕಾರ್ಪೆಟ್ಟಿನ ಮನೆಗಳಲ್ಲಿ ಅದು ಬೇರೂರಿತು. ಬೆಂಗಳೂರಿನ ಟೈಲ್ಸ್ ನೆಲದ ಫ್ಲ್ಯಾಟಿನಲ್ಲಿ ಲ್ಯಾಬ್ರಡಾರ್ ಸಾಕಿರುವ ನನ್ನ ತಮ್ಮ ಇಂಥದ್ದೊಂದನ್ನು ಇಲ್ಲಿಂದ ತರಿಸಲೇ ಎಂದು ಕೇಳಿದಾಗ ಖಂಡಿತ ಬೇಡವೆಂದೆ. ಅವನ ಮನೆಗೆ ಹಗುರವಾದ ಕೋಲಿನಾಕಾರದ್ದು ಸಾಕು, ಒಳ್ಳೆಯ ಪೊರಕೆ ಅದಕ್ಕಿಂತಲೂ ವಾಸಿ. ಅಲ್ಲದೆ ಇಲ್ಲಿನ ಯಂತ್ರಗಳು 120 ವೋಲ್ಟಿನವು. ಅಲ್ಲಿನ 230 ವೋಲ್ಟಿಗೆ ನೇರ ಹಾಕಿದರೆ ಸುಟ್ಟೇ ಹೋಗುತ್ತವೆ.

ನಾನಿರುವ ಕೊಲಂಬಸ್‌ನಿಂದ ಎರಡು ಗಂಟೆಯ ದಾರಿ ಕ್ಯಾಂಟನ್ ಎಂಬ ಊರು. ಈ ಬಗೆಯ ಯಂತ್ರದ ಮೂಲ ಅಲ್ಲಿದೆ. ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎನ್ನುವವರು ಅಲ್ಲಿನ ಡಿಪಾರ್ಟ್‌ಮೆಂಟ್ ಸ್ಟೋರೊಂದರಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದರು. ಅವರಿಗೆ ಉಬ್ಬಸ. ಆಗ ಬಳಕೆಯಲ್ಲಿದ್ದ, ಕೈಯಿಂದ ತಳ್ಳುವ ಕಾರ್ಪೆಟ್ ಗುಡಿಸುವ ಸಾಧನ ಎಬ್ಬಿಸುತ್ತಿದ್ದ ಧೂಳು ಅವರ ಎದೆ ಹಿಡಿಯುತ್ತಿತ್ತು. ಕೆಲಸ ಬಿಡುವ ಸ್ಥಿತಿ ಇರಲಿಲ್ಲ. ಫ್ಯಾನಿನ ಮೋಟಾರು, ಸೋಪಿನ ಪೆಟ್ಟಿಗೆ, ಪೊರಕೆಯ ಹಿಡಿ, ಧೂಳು ಹಿಡಿಯಲು ದಿಂಬಿನ ಚೀಲ, ಇಷ್ಟನ್ನು ಜೋಡಿಸಿ, ಒಂದೇ ಮೋಟಾರಿನಿಂದ ಗಾಳಿಯನ್ನೂ ಎಳೆಸಿ ಬ್ರಷ್ಷನ್ನೂ ತಿರುಗಿಸಿದರು. 1908ರಲ್ಲಿ ಪೇಟೆಂಟು ಸಿಕ್ಕಿತು. ಯಂತ್ರವನ್ನು ಬಳಸಿ ನೋಡಿ ಮೆಚ್ಚಿದವರಲ್ಲಿ ಸೂಸನ್ ಹೂವರ್ ಒಬ್ಬರು. ಅವರ ಗಂಡ ವಿಲಿಯಂ ಹೂವರ್ ಕುದುರೆಯ ಜೀನು, ಸಾಜುಗಳ ಚರ್ಮದ ವ್ಯಾಪಾರಿ. ಮೋಟಾರು ಕಾರು ಬಂದು ಆ ವ್ಯಾಪಾರ ಮುಂದೆ ನಡೆಯದೆಂದು ಕಾಣುತ್ತಿದ್ದ ಕಾಲ. ಅವರು ಸ್ಪ್ಯಾಂಗ್ಲರರ ಪೇಟೆಂಟು ಕೊಂಡರು. ಮುಂದಿನದು ಲೋಕಕ್ಕೆ ಗೊತ್ತು. ನಾರ್ತ್ ಕ್ಯಾಂಟನ್ನಿನಲ್ಲಿ ಹೂವರ್ ಕುಟುಂಬದ ಹಳೆಯ ಮನೆಯನ್ನು ಮ್ಯೂಸಿಯಂ ಮಾಡಿ ಹಳೆಯ ಯಂತ್ರಗಳನ್ನು ಇಟ್ಟಿದ್ದರು. ಮಗಳು ಚಿಕ್ಕವಳಿದ್ದಾಗ ಹೋಗಿ ನೋಡಿದೆವು. ನನಗೆ ಅಲ್ಲಿ ಮನಸ್ಸಿಗೆ ನಾಟಿದ್ದು ಹೂವರ್ ಅವರ ಏಳಿಗೆಗಿಂತ ಸ್ಪ್ಯಾಂಗ್ಲರರ ಕೆಮ್ಮು. ಈ ಯಂತ್ರವನ್ನು ಕಟ್ಟಿದವರು ದಿನವೂ ಗುಡಿಸುತ್ತಿದ್ದ ಮನುಷ್ಯ. ಉಸಿರಾಡಲು ಅವರಿಗೆ ಅದು ಬೇಕಿತ್ತು.

ಈಗ ಅಂಗಡಿಗೆ ಹೋಗೋಣ. ಅಗ್ಗದ ಯಂತ್ರದ ಪೆಟ್ಟಿಗೆಯ ಮೇಲೆ ನಾಯಿಯ ಚಿತ್ರ, ಅದರ ಪಕ್ಕದಲ್ಲಿ ದಪ್ಪಕ್ಷರದಲ್ಲಿ ಆಂಪ್ ಲೆಕ್ಕ. ಹತ್ತು, ಹನ್ನೆರಡು ಆಂಪ್ ಎಂದು ಓದಿದವರು ಹೆಚ್ಚು ಆಂಪ್ ಇದ್ದದ್ದು ಹೆಚ್ಚು ಎಳೆಯುತ್ತದೆ ಎಂದುಕೊಳ್ಳುತ್ತಾರೆ. ಆಂಪ್ ಎಂದರೆ ಆ ಯಂತ್ರ ಗೋಡೆಯಿಂದ ಎಷ್ಟು ಕರೆಂಟು ಕುಡಿಯುತ್ತದೆ ಎಂದಷ್ಟೇ. 12 ಆಂಪ್ ಅಂದರೆ 120 ವೋಲ್ಟಿನಲ್ಲಿ ಹತ್ತಿರಹತ್ತಿರ 1440 ವಾಟ್. ಅದರಲ್ಲಿ ಎಷ್ಟು ಕಾರ್ಪೆಟ್ಟಿನ ಬುಡಕ್ಕೆ ಮುಟ್ಟಿತು, ಎಷ್ಟು ಬಿಸಿಯಾಗಿ ಸದ್ದಾಗಿ ಹೋಯಿತು ಎಂದು ಪೆಟ್ಟಿಗೆ ಹೇಳುವುದಿಲ್ಲ. ಯುರೋಪಿನ ಒಕ್ಕೂಟ 2014ರಲ್ಲಿ ಮನೆಬಳಕೆಯ ವ್ಯಾಕ್ಯೂಮುಗಳಿಗೆ 1600 ವಾಟ್ ಮಿತಿ ಹಾಕಿ, 2017ರಲ್ಲಿ ಅದನ್ನು 900ಕ್ಕೆ ಇಳಿಸಿತು. ಅಲ್ಲಿಯ ಮನೆಗಳು ಅದರಿಂದ ಕೊಳಕಾಗಲಿಲ್ಲ. ಹಾಗಾಗಿ ಆಂಪ್ ನೋಡಿ ಮರುಳಾಗಬಾರದು. ಹೊಸ ಯಂತ್ರ ಮೊದಲ ದಿನ ಕಾರ್ಪೆಟ್ಟಿನಿಂದ ರಾಶಿ ಕೂದಲು ಎತ್ತಿದ್ದನ್ನು ನೋಡಿಯೂ ತೀರ್ಪು ಕೊಡಬಾರದು. ಹೊಸತರಲ್ಲಿ ಎಲ್ಲವೂ ಎಳೆಯುತ್ತವೆ. ಕೇಳಬೇಕಾದ್ದು ಎರಡೇ: ಕೂದಲು ಒಳಗೆ ಹೋಗಿ ಎಲ್ಲಿ ನಿಲ್ಲುತ್ತದೆ, ಗಾಳಿ ಹೊರಗೆ ಎಲ್ಲಿ ಬರುತ್ತದೆ.

ಕೂದಲು ಮೊದಲು ನಿಲ್ಲುವುದು ಬ್ರಷ್ಷಿನಲ್ಲಿ. ಬೆಲ್ಲನ ಗಿಡ್ಡ ಕೂದಲು ಹೆಚ್ಚಾಗಿ ದಾಟಿ ಹೋಗುತ್ತದೆ. ಮಗಳ ಉದ್ದ ಕೂದಲು, ನನ್ನದು, ದಾರದ ಎಳೆ, ಇವು ರೋಲರಿಗೆ ಸುತ್ತಿಕೊಂಡು ಬಲೆ ಕಟ್ಟುತ್ತವೆ. ಆ ಬಲೆಗೆ ನಾಯಿಯ ತುಪ್ಪಟ ಸಿಕ್ಕಿ ಹೆಪ್ಪುಗಟ್ಟುತ್ತದೆ. ಬ್ರಷ್ಷಿನ ಕುಚ್ಚು ಕಾರ್ಪೆಟ್ಟಿಗೆ ತಾಗದಷ್ಟು ಮುಚ್ಚಿಹೋದ ಮೇಲೆ ಯಂತ್ರ ಎಷ್ಟೇ ಕೂಗಾಡಿದರೂ ನೆಲದ ಮೇಲಿನದು ನೆಲದ ಮೇಲೇ. ಇನ್ನೂ ಕೆಟ್ಟದ್ದು ರೋಲರಿನ ಎರಡು ತುದಿ. ಅಲ್ಲಿನ ಬೇರಿಂಗಿನೊಳಕ್ಕೆ ಕೂದಲು ನುಗ್ಗಿದರೆ ತಿಕ್ಕಾಟದಿಂದ ಬಿಸಿಯಾಗಿ ಸುತ್ತಲಿನ ಪ್ಲಾಸ್ಟಿಕ್ಕೇ ಮೆತ್ತಗಾಗುತ್ತದೆ. ರೋಲರ್ ತಿರುಗಲಾರದೆ ನಿಂತಾಗ ಮೋಟಾರಿಗೂ ಅದಕ್ಕೂ ನಡುವಿನ ರಬ್ಬರ್ ಬೆಲ್ಟು ಜಾರಿ ಸುಟ್ಟ ವಾಸನೆ ಬರುತ್ತದೆ, ಕೊನೆಗೊಮ್ಮೆ ತುಂಡಾಗುತ್ತದೆ. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಬೆಲ್ಟು ತುಂಡಾದರೂ ಯಂತ್ರದ ಸದ್ದು ಹೆಚ್ಚು ಬದಲಾಗುವುದಿಲ್ಲ. ಮೋಟಾರು ಓಡುತ್ತಲೇ ಇರುತ್ತದೆ, ತಳ್ಳುವವರು ತಳ್ಳುತ್ತಲೇ ಇರುತ್ತಾರೆ, ಬ್ರಷ್ಷು ಮಾತ್ರ ನಿಂತಿರುತ್ತದೆ. ಎಷ್ಟೋ ಮನೆಗಳಲ್ಲಿ "ಇದು ಈಗ ಸರಿಯಾಗಿ ಎಳೆಯಲ್ಲ" ಎಂದು ಬೀದಿಯಂಚಿಗೆ ಇಟ್ಟ ಯಂತ್ರಗಳಿಗೆ ಆಗಿರುವುದು ಇಷ್ಟೇ: ನಾಲ್ಕೈದು ಡಾಲರಿನ ಬೆಲ್ಟು ಹೋಗಿದೆ.

ಅದಕ್ಕೇ ನನ್ನ ಮಟ್ಟಿಗೆ ಅಗ್ಗದ ಯಂತ್ರದ ಮೊದಲ ಪರೀಕ್ಷೆ ಅದನ್ನು ಬೋರಲು ಹಾಕುವುದು. ತಳದ ತಟ್ಟೆ ಸುಲಭವಾಗಿ ಬಿಚ್ಚುತ್ತದೆಯೋ? ಸಾಧಾರಣ ಸ್ಕ್ರೂಡ್ರೈವರು ಸಾಕೋ, ಇಲ್ಲ ವಿಚಿತ್ರ ತಲೆಯ ಸ್ಕ್ರೂ ಹಾಕಿ ಮುಚ್ಚಿಬಿಟ್ಟಿದ್ದಾರೋ? ರೋಲರ್ ಕೈಗೆ ಬರುತ್ತದೆಯೋ? ರೋಲರಿನ ಉದ್ದಕ್ಕೂ ಕತ್ತರಿ ಓಡಿಸಲು ಒಂದು ಗೀರು ಇದೆಯೋ? ಬೆಲ್ಟು ಬಿಡಿಯಾಗಿ ಸಿಗುತ್ತದೆಯೋ? ಈ ಐದಕ್ಕೂ ಹೂಂ ಎಂದರೆ ಆ ಯಂತ್ರ ನೂರು ಡಾಲರಿನದಾದರೂ ಬಹುಕಾಲ ಬಾಳುತ್ತದೆ. ಒಂದಕ್ಕೆ ಇಲ್ಲ ಎಂದರೂ ಅದರ ಅಗ್ಗ ಒಂದು ವರ್ಷದ ಅಗ್ಗ.

ಅಮ್ಮ ಇಲ್ಲಿಗೆ ಬಂದಿದ್ದ ಬೇಸಿಗೆಯಲ್ಲಿ ನಾನು ಹಾಲಿನಲ್ಲಿ ಹಳೆಯ ಪೇಪರು ಹಾಸಿ, ಯಂತ್ರ ಬೋರಲಿಟ್ಟು, ರೋಲರಿನ ಕೂದಲು ಕತ್ತರಿಸುತ್ತಿದ್ದೆ. ಅಮ್ಮ ಪಕ್ಕದಲ್ಲಿ ಕೂತು ನೋಡಿದಳು. ಊರಿನಲ್ಲಿ ಅವಳು ಮನೆ ಗುಡಿಸಿ ಮುಗಿದ ಮೇಲೆ ಹಿತ್ತಲ ಬಾಗಿಲಲ್ಲಿ ನಿಂತು ಪೊರಕೆಯ ತುದಿಗೆ ಸಿಕ್ಕಿದ ಕೂದಲನ್ನು ಬೆರಳಿನಿಂದ ಬಿಡಿಸಿ, ಕಲ್ಲಿಗೆ ಎರಡು ಸಲ ಕುಟ್ಟಿಯೇ ಒಳಗೆ ತರುತ್ತಿದ್ದವಳು. "ಇದೂ ಹಂಗೇ ಕಣೇ. ಬಿಡಿಸ್ದೆ ಇಟ್ಟ ಪೊರಕೆ ಗುಡಿಸಲ್ಲ, ಇದ್ದ ಕಸಾನೇ ಎಳ್ಕೊಂಡು ಓಡಾಡುತ್ತೆ" ಎಂದಳು. ಆಮೇಲೆ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು, ಚಕ್ರದ ಅಚ್ಚಿಗೆ ಸುತ್ತಿದ್ದನ್ನೂ ಬಿಡಿಸಿ ಕೊಟ್ಟಳು. ಚಕ್ರ ನಾನು ನೋಡಿರಲಿಲ್ಲ. ಅಲ್ಲಿಂದ ಮುಂದೆ ಯಂತ್ರ ಕಾರ್ಪೆಟ್ಟಿನ ಮೇಲೆ ಸಲೀಸಾಗಿ ಜಾರಿತು.

ಬ್ರಷ್ಷು ದಾಟಿದ ಕೂದಲು ಕೊಳವೆಯ ತಿರುವಿನಲ್ಲಿ ನಿಲ್ಲಬಹುದು. ಅದಕ್ಕೇ ಪಾರದರ್ಶಕ ಕೊಳವೆ ಇರುವುದು ಒಳ್ಳೆಯದು, ಎಲ್ಲಿ ಕಟ್ಟಿದೆಯೆಂದು ಕಣ್ಣಿಗೇ ಕಾಣುತ್ತದೆ. ಅಲ್ಲಿಂದ ಡಬ್ಬಿಗೆ. ಚೀಲವಿಲ್ಲದ ಯಂತ್ರಗಳ ಡಬ್ಬಿಯೊಳಗೆ ಗಾಳಿ ಸುಳಿಸುಳಿದು ತಿರುಗಿ ಕಸವನ್ನು ಅಂಚಿಗೆ ಎಸೆಯುತ್ತದೆ. ಇಂಗ್ಲೆಂಡಿನ ಜೇಮ್ಸ್ ಡೈಸನ್ ಐದು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ಮಾಡಿ ನೋಡಿ ಮನೆಬಳಕೆಗೆ ತಂದದ್ದು ಇದನ್ನೇ. ಈಗ ಅಗ್ಗದ ಯಂತ್ರಗಳಲ್ಲೂ ಅದರದೊಂದು ಸರಳ ರೂಪ ಇದೆ. ಧೂಳಿಗೆ ಅದು ಚೆನ್ನ. ತುಪ್ಪಟಕ್ಕೆ ಅಷ್ಟಲ್ಲ, ಏಕೆಂದರೆ ತುಪ್ಪಟ ಹಗುರ, ಉಬ್ಬುತ್ತದೆ. ಸುಳಿಯ ನಡುವಿನ ಜಾಲರಿಗೆ ಸುತ್ತಿಕೊಂಡು ಗಾಳಿಯ ದಾರಿ ಮುಚ್ಚುತ್ತದೆ. ಡಬ್ಬಿಗೆ ಹಾಕಿದ ಗೆರೆ ಮುಟ್ಟುವವರೆಗೆ ಕಾಯದೆ ಒಂದೊಂದು ಕೋಣೆಗೂ ಬರಿದು ಮಾಡಬೇಕು. ಅದರಾಚೆ ಸ್ಪಂಜಿನ ಫಿಲ್ಟರು. ಅದನ್ನು ತಣ್ಣೀರಿನಲ್ಲಿ ತೊಳೆದು ಪೂರಾ ಒಣಗಿಸಬೇಕು. ಅದಕ್ಕೆ ಒಂದು ಇಡೀ ದಿನ ಬೇಕು. ಹಸಿಯಿದ್ದಾಗ ಹಾಕಿದರೆ ಒದ್ದೆ ನಾಯಿಯ ವಾಸನೆ ಮನೆಯೆಲ್ಲ ಹರಡುತ್ತದೆ, ಮೋಟಾರಿಗೂ ಕೇಡು. ಇನ್ನೊಂದು ಫಿಲ್ಟರನ್ನು ಜೊತೆಗೇ ಕೊಂಡಿಟ್ಟರೆ ಒಣಗುವವರೆಗೆ ಕಾಯಬೇಕಿಲ್ಲ. ಕಾರ್ಪೆಟ್ಟಿಗೆ ಸುವಾಸನೆಯ ಪುಡಿ ಚೆಲ್ಲಿ ಎಳೆಯುವ ಅಭ್ಯಾಸ ಇಲ್ಲಿ ಹಲವರಿಗಿದೆ. ಆ ನುಣ್ಣನೆಯ ಪುಡಿ ಫಿಲ್ಟರಿನ ಉಸಿರು ಕಟ್ಟಿಸುತ್ತದೆ. ಬೇಡ.

ಚಿಗಟದ ಕಾಲದಲ್ಲಿ ಈ ಯಂತ್ರ ಔಷಧಿಯಷ್ಟೇ ಮುಖ್ಯ. ಚಿಗಟದ ಮೊಟ್ಟೆ ನಾಯಿಯ ಮೈಮೇಲೆ ನಿಲ್ಲದೆ ಕಾರ್ಪೆಟ್ಟಿಗೆ ಉದುರುತ್ತದೆ. ಗೂಡಿನೊಳಗೆ ಬೆಳೆದಿರುವ ಚಿಗಟಗಳು ಬ್ರಷ್ಷಿನ ಅದುರಿಗೆ ಎಚ್ಚೆತ್ತು ಹೊರಬರುತ್ತವೆ, ಬಂದವು ಸಿಕ್ಕುತ್ತವೆ. ಎಳೆದ ಕೂಡಲೇ ಡಬ್ಬಿಯನ್ನು ಹೊರಗೆ ಒಯ್ದು ಬರಿದು ಮಾಡಬೇಕು.

ಗಟ್ಟಿ ನೆಲದ ಮೇಲೆ ಅಗ್ಗದ ನೆಟ್ಟನೆ ಯಂತ್ರಗಳು ಸೋಲುತ್ತವೆ, ಅದನ್ನು ಮುಚ್ಚಿಡಲಾರೆ. ಬ್ರಷ್ಷು ನಿಲ್ಲಿಸುವ ಸ್ವಿಚ್ಚು ಇಲ್ಲದಿದ್ದರೆ ಅದು ಬೆಕ್ಕಿನ ಮರಳಿನ ಕಾಳನ್ನು, ನಾಯಿಯ ಒಣ ಆಹಾರವನ್ನು ಎತ್ತುವ ಬದಲು ಹಿಂದಕ್ಕೆ ಚಿಮ್ಮುತ್ತದೆ. ಸುಮಾರು ಏಳು ಕಿಲೋ ತೂಕ. ಮೆಟ್ಟಿಲು ಹತ್ತಿಸುವುದು ಕಷ್ಟ. ಮೆಟ್ಟಿಲಿಗೆ, ಸೋಫಾಕ್ಕೆ ಅಂತ ಗಾಳಿಯ ರಭಸಕ್ಕೇ ತಿರುಗುವ ಪುಟ್ಟ ಬ್ರಷ್ಷು ಕೊಡುತ್ತಾರೆ. ಮೆಲ್ಲಗೆ ಹಿಡಿದರೆ ಒಳ್ಳೆಯ ಕೆಲಸ ಮಾಡುತ್ತದೆ, ಅದುಮಿದರೆ ನಿಂತುಬಿಡುತ್ತದೆ. ಸೋಫಾದ ಮೂಲೆಗೆ ನಾನು ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಸ್ವಲ್ಪ ಒದ್ದೆ ಮಾಡಿ ಒಂದೇ ದಿಕ್ಕಿಗೆ ಸವರುತ್ತೇನೆ. ಜೀರಿಗೆಯ ಕೂದಲು ಸುರುಳಿ ಸುತ್ತಿಕೊಂಡು ಬರುತ್ತದೆ. ಯಾವ ಯಂತ್ರವೂ ಅಷ್ಟು ಚೆನ್ನಾಗಿ ತೆಗೆದದ್ದು ಕಾಣೆ.

ಸದ್ದಿನ ವಿಚಾರವನ್ನು ಮನುಷ್ಯರ ಕಿವಿಯಿಂದ ಅಳೆಯುತ್ತೇವೆ. ನಮಗೆ ಕೇಳುವುದು 20 ಸಾವಿರ ಹರ್ಟ್ಸ್‌ವರೆಗೆ. ನಾಯಿಗೆ ಅದರ ಎರಡು ಪಟ್ಟಿಗೂ ಮೇಲೆ, ಬೆಕ್ಕಿಗೆ ಇನ್ನೂ ಮೇಲೆ. ನಮಗೆ ಗುಂಯ್‌ಗುಡುವ ಮೋಟಾರಿನಲ್ಲಿ ಅವಕ್ಕೆ ನಮಗೆ ಕೇಳದ ಚೀರಾಟವೂ ಸೇರಿರುತ್ತದೆ. ಬೆಲ್ಲನನ್ನು ನಮ್ಮವರು ವಾಕಿಂಗ್ ಕರೆದುಕೊಂಡು ಹೋದಾಗಲೇ ನಾನು ಸ್ವಿಚ್ಚು ಹಾಕುವುದು. ಜೀರಿಗೆಗೆ ಮೇಲಿನ ಕೋಣೆಯಲ್ಲಿ ಬಾಗಿಲು ಮುಚ್ಚಿ ನೀರಿಟ್ಟಿರುತ್ತೇನೆ. ಅವುಗಳ ಕೂದಲು ತೆಗೆಯಲು ಅವನ್ನೇ ಹೆದರಿಸುವುದು ನನಗೆ ಒಪ್ಪಿಗೆಯಾಗದ ಮಾತು.

ಇನ್ನು ಗಾಳಿ ಹೊರಗೆ ಬರುವ ಜಾಗ. ಅಗ್ಗದ ಯಂತ್ರಗಳಲ್ಲಿ ದುಡ್ಡು ಉಳಿಸುವುದು ಬ್ರಷ್ಷಿನಲ್ಲೂ ಅಲ್ಲ, ಮೋಟಾರಿನಲ್ಲೂ ಅಲ್ಲ, ಹೆಚ್ಚಾಗಿ ಇಲ್ಲಿ. ಹೆಪಾ ಎಂಬ ಫಿಲ್ಟರಿಗೆ ಅಮೆರಿಕದಲ್ಲಿ ಒಂದು ಖಚಿತ ಅಳತೆಯಿದೆ: 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ 99.97ನ್ನು ಅದು ಹಿಡಿಯಬೇಕು. 'ಹೆಪಾ ತರಹದ್ದು' ಎಂದು ಬರೆದದ್ದಕ್ಕೆ ಯಾವ ಅಳತೆಯ ಕಟ್ಟೂ ಇಲ್ಲ. ನಿಜವಾದ ಹೆಪಾ ಇದ್ದರೂ ಡಬ್ಬಿಯ ಅಂಚಿನ ರಬ್ಬರು ಸಡಿಲವಿದ್ದರೆ ಗಾಳಿಯೆಲ್ಲ ಫಿಲ್ಟರಿನ ತನಕ ಹೋಗುವುದಿಲ್ಲ, ಒಂದಷ್ಟು ಸಂದಿಯಿಂದ ನುಸುಳಿಬಿಡುತ್ತದೆ. ಕೆಲವು ವಾರ ಬಳಸಿದ ಮೇಲೆ ಟಾರ್ಚು ಹಿಡಿದು ಜೋಡಣೆಯ ಸಂದಿಗಳನ್ನು ನೋಡಿ. ಬೂದು ಗೆರೆ ಕಟ್ಟಿದ್ದರೆ ಅದು ಹೊರಬಂದ ಧೂಳಿನ ಹೆಜ್ಜೆ.

ನಮ್ಮ ಮನೆಯಲ್ಲಿ ಯಾರಿಗೂ ಅಲರ್ಜಿ ಇಲ್ಲ. ಹಾಗಾಗಿ ನನ್ನ ಯಂತ್ರ ನನಗೆ ಸಾಕು, ಅದನ್ನು ಮೆಚ್ಚಿಯೇ ಬಳಸುತ್ತೇನೆ. ಆದರೆ ಯಾವ ಯಂತ್ರ ಎಂದು ಕೇಳಿದ ಆ ಹುಡುಗಿಗೆ ಉತ್ತರಿಸುವ ಮೊದಲು ನಾನು ಕೇಳಿದೆ: "ಮನೇಲಿ ಯಾರಿಗಾದ್ರೂ ಉಬ್ಬಸ ಗಿಬ್ಬಸ ಇದೆಯೇನಮ್ಮಾ?" ಒಂದು ಕ್ಷಣ ಸುಮ್ಮನಿದ್ದು, "ಚಿಕ್ಕೋನಿಗೆ ಚಳಿಗಾಲದಲ್ಲಿ ಎದೆ ಗೊರಗೊರ ಅನ್ನುತ್ತೆ ಅಕ್ಕಾ" ಎಂದಳು.

ಬೆಕ್ಕಿನ ಅಲರ್ಜಿ ಎಂದರೆ ಕೂದಲಿನದಲ್ಲ. ಅದರ ಜೊಲ್ಲಿನಲ್ಲಿ, ಚರ್ಮದ ಎಣ್ಣೆಗ್ರಂಥಿಗಳಲ್ಲಿ ಹುಟ್ಟುವ ಫೆಲ್ ಡಿ 1 ಎಂಬ ಪ್ರೊಟೀನಿನದು. ಬೆಕ್ಕು ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಹತ್ತಿ, ಒಣಗಿ, ಅತಿ ಸಣ್ಣ ಕಣವಾಗಿ ಗಾಳಿಗೇರುತ್ತದೆ, ಗಂಟೆಗಟ್ಟಲೆ ತೇಲುತ್ತದೆ. ಬೆಕ್ಕನ್ನು ಮನೆಯಿಂದ ಕಳಿಸಿದರೂ ಕಾರ್ಪೆಟ್ಟಿನಲ್ಲಿ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿಲ್ಟರ್ ಸರಿಯಿಲ್ಲದ ಯಂತ್ರ ಮಾಡುವ ಕೆಲಸವೇನು? ನೆಲದಲ್ಲಿ ಕೂತಿದ್ದನ್ನು ಎಬ್ಬಿಸಿ ಆ ಮಗುವಿನ ಮೂಗಿನ ಮಟ್ಟಕ್ಕೆ ಊದುವುದು. ಕೂದಲೆಲ್ಲ ಹೋಗಿ ಕಾರ್ಪೆಟ್ಟು ಚೆನ್ನಾಗಿ ಕಾಣುತ್ತದೆ; ಮಗು ರಾತ್ರಿ ಕೆಮ್ಮುತ್ತದೆ. ಒಬ್ಬ ಉಬ್ಬಸದ ಮನುಷ್ಯ ತನ್ನ ಉಸಿರಿಗಾಗಿ ಕಟ್ಟಿದ ಯಂತ್ರದಲ್ಲಿ ಮೊದಲು ಕಡಿತವಾಗುವುದು ಉಸಿರನ್ನು ಕಾಯುವ ಭಾಗವೇ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ. ಫಿಲ್ಟರು, ಅಂಚಿನ ರಬ್ಬರು ಎಂದರೆ ಕೊನೆಗೆ ಕೆಲವು ಡಾಲರಿನ ಸಾಮಾನು. ನಾಯಿಯ ಚಿತ್ರ ಹಾಕಿ ಮಾರುವ ಯಂತ್ರದಲ್ಲಿ ಅಷ್ಟಾದರೂ ಗಟ್ಟಿ ಇರಬೇಕು.

ಅವಳಿಗೆ ಹೇಳಿದೆ: ಮೊದಲು ಮಗುವನ್ನು ಡಾಕ್ಟರ ಹತ್ತಿರ ತೋರಿಸು, ಬೆಕ್ಕಿನದೇ ಹೌದೋ ಅಲ್ಲವೋ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಬೆಕ್ಕು ಮಗುವಿನ ಮಲಗುವ ಕೋಣೆಗೆ ಹೋಗದಿರಲಿ. ಯಂತ್ರ ಚೀಲದ್ದು ತಗೋ. ಡಬ್ಬಿಯದಾದರೆ ಬರಿದು ಮಾಡುವಾಗಲೇ ಅರ್ಧ ಧೂಳು ಮುಖಕ್ಕೆ ಏಳುತ್ತದೆ. ಚೀಲದ್ದಾದರೆ ಬಾಯಿ ಮುಚ್ಚಿ ಹಾಗೇ ಎಸೆಯಬಹುದು, ಚೀಲವೇ ಒಂದು ಫಿಲ್ಟರು. ಚೀಲಕ್ಕೆ ಆಗಾಗ ದುಡ್ಡು ಹಾಕಬೇಕು, ನೂರೈವತ್ತರ ಬದಲು ಇನ್ನೂರರ ಹತ್ತಿರ ಹೋಗಬಹುದು. ನಿನ್ನ ಮನೆಗೆ ಆ ಖರ್ಚು ಸರಿ.

ಶನಿವಾರ ಇಬ್ಬರೂ ಅಂಗಡಿಗೆ ಹೋದೆವು. ಪ್ರದರ್ಶನಕ್ಕಿಟ್ಟದ್ದನ್ನು ಬೋರಲು ಹಾಕಿ ನೋಡಬಹುದೇ ಎಂದಾಗ ಅಲ್ಲಿದ್ದ ಹುಡುಗ ತಾನೇ ಸ್ಕ್ರೂಡ್ರೈವರು ತಂದುಕೊಟ್ಟ. ಮೂರನ್ನು ತಿರುಗಿಸಿ ನೋಡಿ, ಚೀಲದ್ದೊಂದನ್ನು ಆರಿಸಿದಳು; ರೋಲರ್ ಒಂದು ನಿಮಿಷದಲ್ಲಿ ಕೈಗೆ ಬಂತು. ಜೊತೆಗೆ ಎರಡು ಬೆಲ್ಟು, ಒಂದು ಪೊಟ್ಟಣ ಚೀಲ. ವಾರಕ್ಕೆ ಎರಡು ಸಲವಾದರೂ ಎಳೆ, ಅವಸರ ಬೇಡ, ಒಂದೇ ಜಾಗವನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ನಿಧಾನವಾಗಿ ತಳ್ಳು, ಚೀಲ ಮುಕ್ಕಾಲು ತುಂಬಿದಾಗಲೇ ಬದಲಿಸು ಎಂದು ದಾರಿಯುದ್ದಕ್ಕೂ ಹೇಳುತ್ತಾ ಬಂದೆ. ಯಾವಾಗ ಎಳೆಯಲಿ ಎಂದು ಕೇಳಿದಳು. ಚಿಕ್ಕವನು ಬೆಳಗ್ಗೆ ಸ್ಕೂಲ್ ಬಸ್ಸು ಹತ್ತಿದ ಕೂಡಲೇ ಶುರುಮಾಡು, ಮುಗಿದ ಮೇಲೆ ಕಿಟಕಿ ಒಂದಷ್ಟು ಹೊತ್ತು ತೆಗೆದಿಡು. ಮೂರು ಗಂಟೆಗೆ ಅವನು ಬರುವ ಹೊತ್ತಿಗೆ ಎದ್ದ ಧೂಳು ಹೋಗಿರುತ್ತದೆ ಎಂದೆ.